ಹೆಚ್ಚಾದ ಕರೆಂಟು

ಹಗಲಲ್ಲೂ ಉರಿಯುತ್ತಿದ್ದ ಜಗಲಿಯ ದೀಪ ಆರಿಸಲು ಹೋದ ಈಶಾನನ ಕೈಯನ್ನು ರಾಧಮ್ಮ ಹಿಡಿದೇಬಿಟ್ಟರು.

"ಆರಿಸ್ಬೇಡ ಮಾರಾಯ. ದೀಪ ಉರೀದಿದ್ರೆ ಹಳ್ಳದ ಮಿಷನ್ ಹುಚ್ಚೆದ್ದು ಓಡ್ತದೆ, ಸುಟ್ಟೇ ಹೋಗ್ತದೆ."

ತೀರಿಹೋದ ತಿಮ್ಮಪ್ಪನವರ ತಂಗಿಯ ಮಗ ಅವನು, ಕೊಪ್ಪದವನು, ಕೈ ಹಿಂದೆಗೆದ. ಒಳಗೆ ಹೆಣಕ್ಕೆ ಸ್ನಾನ ಮಾಡಿಸುತ್ತಿದ್ದರು. ಕೆರೆಕಟ್ಟೆಯಿಂದಾಚೆ, ಕರೆಂಟು ಕಂಬ ಬಾರದ ಈ ಕಾಡಂಚಿನಲ್ಲಿ ಇರುವುದೇ ಎರಡು ಮನೆ. ಹಳ್ಳದ ನೀರಿನಲ್ಲಿ ಕರೆಂಟು ಮಾಡುವ ಮಿಷನ್ನಿನ ಸಂಗತಿ ಪಕ್ಕದ ಮನೆಯ ರಾಧಮ್ಮನಿಗಲ್ಲದೆ ಇನ್ಯಾರಿಗೆ ಗೊತ್ತು?

ಆ ಮಿಷನ್ ಕೂರಿಸಿದ್ದ ಅಭಿಷೇಕ ಚಟ್ಟಕ್ಕೆ ಬಿದಿರು ಸೀಳುತ್ತಿದ್ದ. ತಲೆಯೆತ್ತಿ, "ಎಂತದೂ ಆಗಲ್ಲ ರಾಧಮ್ಮ," ಎಂದ. "ಹೆಚ್ಚಾದ ಕರೆಂಟು ಬಚ್ಚಲಿನ ಕಾಯಿಲ್‌ಗೆ ಹೋಗಿ ನೀರು ಕಾಯ್ತದೆ. ಮೊದಲ ದಿನವೇ ಹಾಕಿ ಕೊಟ್ಟಿದ್ದೆ. ಈಗ ಒಳಗೆ ಹುಯ್ತಿರೋ ಬಿಸಿನೀರೂ ಅದ್ರದ್ದೇ."

ರಾಧಮ್ಮನ ಮುಖ ಸಣ್ಣದಾಯಿತು.

*

ಗಂಡ ಸತ್ತ ಮೇಲೆ ರಾಧಮ್ಮ ಯಾರ ಮುಂದೂ ಕೈಯೊಡ್ಡಿದವರಲ್ಲ. ಒಂದು ಹಿಡಿ ಉಪ್ಪು ತಂದರೂ ಸಂಜೆಯೊಳಗೆ ಹಿಂದಿರುಗಿಸುವ ಹಟ. ಅಂಥವರ ಅಂಗಳಕ್ಕೆ ತಿಮ್ಮಪ್ಪ ವಯರಿನ ಸುರುಳಿ ಹೊತ್ತು ಬಂದಿದ್ದರು.

"ಒಂದು ಉಪಕಾರ ಆಗ್ಬೇಕು ರಾಧಕ್ಕ. ಕರೆಂಟು ಜಾಸ್ತಿಯಾಗಿ ಮಿಷನ್ ತಡ್ಕಳ್ತಿಲ್ಲ. ನಿಮ್ಮನೇಲೂ ಬಲ್ಬ್ ಉರಿಸಿ."

ಉಪಕಾರವೆಂದ ಮೇಲೆ ಇಲ್ಲವೆನ್ನುವುದುಂಟೆ? ರಾಧಮ್ಮ ಹಾಡಹಗಲಲ್ಲೂ ದೀಪ ಉರಿಸಿದರು. ಬೇಸಿಗೆಯಲ್ಲಿ ಹಳ್ಳ ಸೊರಗಿ ಸೋಲಾರ್ ಪ್ಲೇಟಿನ ಕರೆಂಟೇ ಗತಿಯಾದಾಗ ತಿಮ್ಮಪ್ಪ, ದೀಪ ಉರಿಸದಿದ್ದರೆ ಬ್ಯಾಟರಿ ತುಂಬಿ ಉಬ್ಬುತ್ತದೆ ಎಂದರು. ಅದನ್ನೂ ನಂಬಿದರು. ಅವರ ಮಿಷನ್ ಉಳಿದಿರುವುದೇ ತನ್ನಿಂದ ಎಂದು ನೆಂಟರ ಮುಂದೆಲ್ಲ ಕೊಚ್ಚಿಕೊಂಡರು.

*

ಗಂಡಸರೆಲ್ಲ ಹೆಣದ ಹಿಂದೆ ಹೋದರು. ತಿಮ್ಮಪ್ಪನವರ ಹೆಂಡತಿ ಸುಲೋಚನಮ್ಮನ ಪಕ್ಕ ಕೂತ ರಾಧಮ್ಮನಿಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ಸತ್ತವರ ಹತ್ತಿರ ಜಗಳವಾಡುವುದಾದರೂ ಹೇಗೆ?

"ಬೇಸಿಗೇಲಾದ್ರೂ ನಿಜವಾಗಿ ಹೆಚ್ಚಾಗ್ತಿತ್ತಾ ಸುಲೋಚನಾ?"

"ಎಲ್ಲಿ ಹೆಚ್ಚು? ನಿಮಗೆ ಸಾಲ್ಬೇಕಲ್ಲ ಅಂತ ನಾವು ಬೆಳಕಿರುವಾಗ್ಲೇ ಉಂಡು ಮಲಗ್ತಿದ್ವಿ."

"ನಂಗೊಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ವಯರು ಕಿತ್ತು ಹಾಕ್ತಿದ್ರಿ."

"ಈಗ್ಲೂ ಕೀಳ್ತೀನಿ," ಎಂದು ರಾಧಮ್ಮ ಎದ್ದೇಬಿಟ್ಟರು.

ಅಷ್ಟರಲ್ಲಿ ಜಗಲಿಯ ದೀಪ ಮಂಕಾಯಿತು.

"ಹಳ್ಳದ ಬಲೆಗೆ ಎಲೆ ಕಟ್ಟಿರ್ಬೇಕು," ಸುಲೋಚನಮ್ಮ ಕೂತಲ್ಲಿಂದಲೇ ಹೇಳಿದರು. "ದಿನಾ ಬೆಳಿಗ್ಗೆ ಅವರೇ ತೆಗೀತಿದ್ರು. ಇವತ್ತು..."

ರಾಧಮ್ಮ ವಯರಿನ ಕಡೆ ಹೋಗಲಿಲ್ಲ. ಸೀರೆ ಎತ್ತಿ ಕಟ್ಟಿ ಹಳ್ಳದ ದಾರಿ ಹಿಡಿದರು. ಪೈಪಿನ ಬಾಯಿಗೆ ಬಿಗಿದ ಬಲೆಯ ತುಂಬ ಎಲೆ, ಕಡ್ಡಿ, ಕೆಸರು. ಮೊಣಕಾಲುದ್ದ ನೀರಿಗಿಳಿದು ಬಾಚಿ ಬಾಚಿ ತೆಗೆದರು. ನೀರು ಗಳಗಳನೆ ಒಳಗಿಳಿಯಿತು. ಕೆಳಗೆ ಮಿಷನ್ನಿನ ಸದ್ದು ಏರಿತು.

ಆಗ ಅಳು ಬಂತು. ಎರಡೂ ಕೈ ತುಂಬ ಕೊಳೆತ ಎಲೆ. ಕಣ್ಣೊರೆಸಿಕೊಳ್ಳಲು ಕೈ ಬಿಡುವಿಲ್ಲದೆ ರಾಧಮ್ಮ ನೀರಿನಲ್ಲೇ ನಿಂತು ಅತ್ತರು.