ಮೇಘಶ್ರೀ ಕೈಬಿಟ್ಟ ಮನೋವೇದನೆ

ಬನಶಂಕರಿಯ ಆ ಖಾಸಗಿ ಶಾಲೆಯ ಗೇಟಿನ ಮೇಲೆ ‘ಇಲ್ಲಿ ಎಲ್ಲರಿಗೂ ಜಾಗವಿದೆ’ ಎಂದು ದಪ್ಪ ಅಕ್ಷರಗಳಲ್ಲಿ ಬರೆಸಿದ್ದರು. ವರ್ಷಗಟ್ಟಲೆ ಅಲ್ಲಿ ಗಣಿತ ಕಲಿಸಿದ್ದ ಮೇಘಶ್ರೀಗೆ ಜಾಗ ಸಾಲದೆ ಹೋದದ್ದು ಅವಳು ಕಿವಿಗೆ ಮಷೀನು ಹಾಕಿಕೊಂಡು ಹೋದ ಮೇಲೆ. ಯಾವುದೋ ಜ್ವರ ಬಂದು ಅವಳ ಕಿವಿ ಮಂದವಾಗಿತ್ತು. ಮಷೀನು ಹಾಕಿದ ಮೇಲೆ ಹಿಂದಿನ ಬೆಂಚಿನ ಪಿಸುಮಾತೂ ಸ್ಪಷ್ಟವಾಗಿ ಕೇಳತೊಡಗಿತು. ಅದರಿಂದ ತೊಂದರೆಯಾದದ್ದು ಹಿಂದಿನ ಬೆಂಚಿನವರಿಗೆ. ಚಿಂತೆ ಹತ್ತಿದ್ದು ಮಾತ್ರ ಆಡಳಿತ ಮಂಡಳಿಗೆ.

“ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು ಮೇಡಂ. ರೆ-ಸ್ಟ್ ತ-ಗೊ-ಳ್ಳಿ,” ಎಂದು ಪ್ರಿನ್ಸಿಪಾಲರು ಗೋಡೆಗಳಿಗೂ ಕೇಳುವಂತೆ ಕೂಗಿ, ಬೀಳ್ಕೊಡುಗೆಗೆ ಒಂದು ಶಾಲು ಹೊದಿಸಿದರು. ನಾವೆಲ್ಲ ಒಂದೇ ಕುಟುಂಬ ಎಂದೂ ಸೇರಿಸಿದರು. ಕುಟುಂಬದಿಂದ ಹೊರಗೆ ಹಾಕುವಾಗ ಈ ಮಾತು ಹೇಳುವುದು ವಾಡಿಕೆ.

ಮೇಘಶ್ರೀ ಶಾಲನ್ನು ಮಡಚಿಟ್ಟು, ಜೆ.ಪಿ. ನಗರದ ವಕೀಲೆ ಕಾತ್ಯಾಯಿನಿಯನ್ನು ಹಿಡಿದಳು. ಅಂಗವೈಕಲ್ಯದ ನೆಪದಲ್ಲಿ ಕೆಲಸದಿಂದ ತೆಗೆದದ್ದು ತಾರತಮ್ಯ, ಕೆಲಸ ವಾಪಸು ಕೊಡಿಸಬೇಕು, ಆದ ಮನೋವೇದನೆಗೆ ಪರಿಹಾರವನ್ನೂ ಕೊಡಿಸಬೇಕು ಎಂದು ಕೇಸು ಬಿತ್ತು. ವೇದನೆಗೆ ತೂಕ ಬರಲೆಂದು, ಮೇಘಶ್ರೀ ಆಪ್ತಸಲಹೆಗೆ ಹೋಗುತ್ತಿದ್ದಾಳೆ ಎಂಬ ಒಂದು ವಾಕ್ಯವನ್ನೂ ಕಾತ್ಯಾಯಿನಿ ಸೇರಿಸಿದ್ದಳು.

ಶಾಲೆಯ ವಕೀಲ ರಾಮಪ್ರಸಾದ ಆ ಒಂದು ವಾಕ್ಯವನ್ನೇ ಹಬ್ಬದೂಟದಂತೆ ಸವಿದ. ಜಯನಗರದ ಆಪ್ತಸಲಹೆಗಾರ್ತಿ ಸಂಹಿತಾ ಅವರ ಬಳಿ ಮೇಘಶ್ರೀ ಮೊದಲಿನಿಂದ ಇಲ್ಲಿಯವರೆಗೆ ಆಡಿದ ಮಾತುಗಳ ಟಿಪ್ಪಣಿಯೆಲ್ಲ ಕೋರ್ಟಿಗೆ ಬರಲಿ ಎಂದು ಅರ್ಜಿ ಹಾಕಿದ. ವೇದನೆ ಶಾಲೆಯದೋ ಮನೆಯದೋ ತಿಳಿಯಬೇಕಲ್ಲ! ಕಿವಿ ಕೇಳಿಸದವಳೆಂದು ತೆಗೆದುಹಾಕಿದವರಿಗೆ ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಳ್ಳುವ ಆಸೆ ಹುಟ್ಟಿದ್ದು ಹೀಗೆ.

ಸುದ್ದಿ ಶ್ರೀನಗರದ ಮನೆಗೆ ಮುಟ್ಟಿದ್ದೇ ಅತ್ತೆ ಉಮಾಮಹೇಶ್ವರಿ ಬಿಡಿಸುತ್ತಿದ್ದ ಅವರೆಕಾಳನ್ನು ಪಕ್ಕಕ್ಕಿಟ್ಟರು.

“ಮೇಘಾ, ಅದ್ರಲ್ಲಿ ನನ್ನ ವಿಷ್ಯ ಏನಾದ್ರೂ ಇದ್ಯಾ?”

“ಇಲ್ಲ ಅತ್ತೆ.”

“ಇಲ್ವಾ?” ಇಲ್ಲವೆಂದದ್ದೂ ಅವರಿಗೆ ಅಷ್ಟೇನೂ ಹಿತವಾಗಲಿಲ್ಲ. “ಅಷ್ಟು ವರ್ಷದಿಂದ ಹೋಗ್ತಿದ್ಯಲ್ಲ, ಮತ್ತೆ ಏನ್ ಮಾತಾಡ್ತಿದ್ದೆ?”

ಗಂಡ ಮಹಾಂತೇಶ ಪೇಪರಿನ ಹಿಂದೆ ಕೂತಿದ್ದ. ಪೇಪರು ಅಲ್ಲಾಡದೆ ನಿಂತಿತು.

ಮೇಘಶ್ರೀ ಪಕ್ಕಕ್ಕಿಟ್ಟ ಅವರೆಕಾಳನ್ನು ತಾನು ಬಿಡಿಸತೊಡಗಿದಳು. ಎರಡು ವರ್ಷದ ಹಿಂದೆ ಹೊಟ್ಟೆಯಲ್ಲಿದ್ದ ಪಿಂಡ ನಿಲ್ಲಲಿಲ್ಲ. ಮನೆಯವರೆಲ್ಲ ಅತ್ತರು, ಅವಳೂ ಅತ್ತಳು. ಆದರೆ ಆ ಅಳುವಿನ ಒಳಗೆ ಒಂದಿಷ್ಟು ನಿರಾಳವೂ ಇತ್ತೆಂಬುದನ್ನು ಅವಳು ಹೇಳಿದ್ದು ಲೋಕದಲ್ಲಿ ಒಬ್ಬರಿಗೆ, ಸಂಹಿತಾಗೆ. ಆ ಮಾತು ಆಡಳಿತ ಮಂಡಳಿಯ ಮೇಜಿನ ಮೇಲೆ ಬೋಂಡದ ತಟ್ಟೆಯ ಪಕ್ಕ ಬಿದ್ದಿರುವುದನ್ನು ನೆನೆದು ಅವಳು ಮರುದಿನವೇ ಜಯನಗರಕ್ಕೆ ಓಡಿದಳು.

“ನಾನಾಗಿ ಒಂದಕ್ಷರ ಕೊಡಲ್ಲ,” ಎಂದಳು ಸಂಹಿತಾ. “ಗೋಪ್ಯತೆ ನಿಮ್ಮ ಹಕ್ಕು, ಕಾನೂನಲ್ಲೇ ಇದೆ. ಆದ್ರೆ ಕೋರ್ಟ್ ಆರ್ಡರ್ ಮಾಡಿದ್ರೆ ಏನಾಗತ್ತೋ, ಸುಳ್ಳು ಧೈರ್ಯ ಹೇಳಲ್ಲ.”

ವಿಚಾರಣೆಯ ದಿನ ಕಾತ್ಯಾಯಿನಿ ಆ ಹಕ್ಕನ್ನೇ ಹಿಡಿದು ವಾದಿಸಿದಳು. ರಾಮಪ್ರಸಾದ ನಗುತ್ತಲೇ ಎದ್ದ.

“ಕಾಲು ಮುರಿದಿದೆ ಅಂದವರು ಎಕ್ಸ್‌ರೇ ತೋರಿಸ್ತಾರೆ ಸ್ವಾಮಿ. ಮನಸ್ಸು ಮುರಿದಿದೆ ಅಂದವರು ಮನಸ್ಸು ತೋರಿಸ್ಲಿ. ಮುಚ್ಚಿಡೋಕೆ ಏನಿದೆ?”

ನ್ಯಾಯಾಧೀಶರು ಗಲ್ಲ ಉಜ್ಜಿಕೊಂಡು, ಮುಚ್ಚಿದ ಲಕೋಟೆಯಲ್ಲಿ ತರಿಸಿ ತಾವೇ ಮೊದಲು ನೋಡಬಹುದೇನೋ ಎಂದರು. ಮುಚ್ಚಿದ ಲಕೋಟೆ! ಅದನ್ನು ತೆರೆಯುವವರು, ಬೆರಳಚ್ಚು ಮಾಡುವವರು, ಕಪಾಟಿನಲ್ಲಿಡುವವರು, ಅವರ ಪಕ್ಕದಲ್ಲಿ ಕೂತು ಕಾಫಿ ಕುಡಿಯುವವರು ಎಲ್ಲರೂ ಸಾಲಾಗಿ ಮೇಘಶ್ರೀಯ ಕಣ್ಣ ಮುಂದೆ ಬಂದರು. ಅವಳು ಕಾತ್ಯಾಯಿನಿಯ ಗೌನು ಎಳೆದಳು.

“ಪರಿಹಾರದ ಮಾತು ಬಿಟ್ಬಿಡಿ ಮೇಡಂ. ವೇದನೆ ಗೀದನೆ ಏನೂ ಬೇಡ. ನನ್ನ ಕೆಲಸ ಕೊಡ್ಸಿ, ಸಾಕು.”

“ದುಡ್ಡು ಬರೋದೇ ಅದ್ರಿಂದ ಮೇಘಶ್ರೀ. ಯೋಚ್ನೆ ಮಾಡಿ.”

“ಮಾಡಿದೀನಿ. ಅವ್ರು ನಂಗೆ ಕೊಟ್ಟ ನೋವನ್ನ ಅವ್ರಿಗೇ ಓದೋಕೆ ಕೊಡಲ್ಲ.”

ಮನೋವೇದನೆಯನ್ನು ಕೈಬಿಟ್ಟಿರುವುದಾಗಿ ಕಾತ್ಯಾಯಿನಿ ತಿಳಿಸಿದಳು. ವೇದನೆಯ ಬೇಡಿಕೆಯೇ ಇಲ್ಲದ ಮೇಲೆ ಅದರ ಟಿಪ್ಪಣಿ ಏಕೆ? ಅರ್ಜಿ ವಜಾ ಆಯಿತು. ಊಟದ ಎಲೆಯ ಮುಂದಿನಿಂದ ಎಬ್ಬಿಸಿದವನ ಮುಖದಂತಾಯಿತು ರಾಮಪ್ರಸಾದನ ಮುಖ. ಏಕೆಂದರೆ ಈಗ ಉಳಿದದ್ದು ಒಂದೇ ಪ್ರಶ್ನೆ: ಮಷೀನು ಹಾಕಿಕೊಂಡರೆ ಚೆನ್ನಾಗಿ ಕೇಳುವ ಮೇಡಮ್ಮನ್ನು ತೆಗೆದದ್ದೇಕೆ? ಮುಂದಿನ ವಿಚಾರಣೆಗಳಲ್ಲಿ ಆತ ಮಕ್ಕಳ ಸುರಕ್ಷತೆ ಎಂದ, ಬೆಂಕಿ ಬಿದ್ದರೆ ಗಂಟೆ ಕೇಳದು ಎಂದ. ಶಾಲೆಯಲ್ಲಿ ಅಂಥ ಗಂಟೆಯೇ ಇಲ್ಲವೆಂದು ಪ್ರಿನ್ಸಿಪಾಲರು ಕಟಕಟೆಯಲ್ಲಿ ಪ್ರಾಮಾಣಿಕವಾಗಿ ಒಪ್ಪಿಕೊಂಡರು. ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ತೀರ್ಪು ಬಂತು. ಕೆಲಸ ವಾಪಸು.

ಮೊದಲ ದಿನ ಪ್ರಿನ್ಸಿಪಾಲರು ಹೂಗುಚ್ಛ ಕೊಟ್ಟು ಫೋಟೊ ತೆಗೆಸಿಕೊಂಡರು. ‘ನಮ್ಮ ಹೆಮ್ಮೆಯ ಮೇಘಶ್ರೀ ಮೇಡಂ ಮರಳಿದ್ದಾರೆ’ ಎಂದು ಪೋಷಕರ ಗುಂಪಿಗೆ ಹಾಕಿದರು. ಎಲ್ಲಿಗೆ ಹೋಗಿದ್ದರೆಂದು ಬರೆಯುವುದು ಮರೆತುಹೋಗಿತ್ತು.

ಆ ಭಾನುವಾರ ಅಡುಗೆಮನೆಯಲ್ಲಿ ಉಮಾಮಹೇಶ್ವರಿ ಒಗ್ಗರಣೆ ಹಾಕುತ್ತ ದನಿ ತಗ್ಗಿಸಿ ಕೇಳಿದರು: “ಮೇಘಾ, ಆ ಸಂಹಿತಾ ಹತ್ರ ಹೇಳಿದ್ದು ಯಾರ್ಗೂ ಹೋಗಲ್ಲ ಅಂತ ಗ್ಯಾರಂಟಿನಾ?”

“ಅವ್ರಾಗಿ ಯಾರ್ಗೂ ಕೊಡಲ್ಲ ಅತ್ತೆ. ಯಾಕೆ?”

“ನನ್ನೂ ಒಂದ್ಸಲ ಕರ್ಕೊಂಡ್ಹೋಗು,” ಎಂದರು ಅತ್ತೆ, ಬಾಣಲೆಯಿಂದ ಕಣ್ಣೆತ್ತದೆ. “ನಿನ್ನ ಬಗ್ಗೆ ಹೇಳೋದು ಬೇಕಾದಷ್ಟಿದೆ. ನೀನು ಮಾತ್ರ ಹೊರಗೆ ಕೂತಿರ್ಬೇಕು.”

ಮೇಘಶ್ರೀ ನಕ್ಕು, ಸಂಹಿತಾಳ ನಂಬರಿಗೆ ಫೋನು ಹಚ್ಚಿದಳು.