ಭಾವನ ಸಾವಿರದ ಆರುನೂರು ವಾಕ್ಯಗಳು

ಕಂಪ್ಯೂಟರಿನ ಜೊತೆಗೇ ಬಂದಿರುವ ಆಂಟಿವೈರಸ್ ಸಾಕಾ, ಬೇರೆ ಕೊಂಡು ಹಾಕಿಸಬೇಕಾ? ಇಪ್ಪತ್ತು ವರ್ಷದಿಂದ ರಿಪೇರಿ ಅಂಗಡಿ ಇಟ್ಟುಕೊಂಡಿರುವ ನನಗೆ ಈ ಪ್ರಶ್ನೆ ಕೇಳಿದರೇ ಮೈ ಉರಿಯುತ್ತದೆ. ಸಾಕು, ಸುಮ್ಮನೆ ಮನೆಗೆ ಹೋಗಿ ಎಂದು ಕಳಿಸಿಬಿಡುತ್ತೇನೆ. ಆ ಉತ್ತರ ಇವತ್ತಿಗೂ ತಪ್ಪಲ್ಲ. ತಪ್ಪು ಮಾಡಿದ್ದು ನಾನು.

ನನ್ನ ಭಾವ ಡ್ರೈವಿಂಗ್ ಕಲಿಸುವವರು. ಅವರು 'ಬ್ರೇಕ್, ಬ್ರೇಕ್!' ಎಂದು ಕೂಗಿದರೆ ಮೂರು ಬೀದಿಯಾಚೆ ಸೈಕಲ್ಲಿನವನೂ ನಿಲ್ಲುತ್ತಿದ್ದ. ಅಂಥವರ ಗಂಟಲಲ್ಲೇ ಗೆಡ್ಡೆ ಕಾಣಿಸಿಕೊಂಡಿತು. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕು, ಬೇರೆ ದಾರಿಯೇ ಇಲ್ಲ ಎಂದರು ಸರ್ಜನ್. ಆಗ ಆಸ್ಪತ್ರೆಯ ಸ್ಪೀಚ್ ಥೆರಪಿಸ್ಟ್ ಒಂದು ಪುಸ್ತಕ ತಂದುಕೊಟ್ಟರು. ಅದರಲ್ಲಿ ಸಾವಿರದ ಆರುನೂರು ವಾಕ್ಯಗಳು. ಎಲ್ಲವನ್ನೂ ಭಾವ ತಮ್ಮದೇ ಧ್ವನಿಯಲ್ಲಿ ಓದಿ ರೆಕಾರ್ಡ್ ಮಾಡಿಟ್ಟರೆ ಅದರಿಂದ ಒಂದು ಧ್ವನಿ ತಯಾರಿಸಬಹುದು. ಆಮೇಲೆ ಟ್ಯಾಬ್‌ನಲ್ಲಿ ಏನು ಬರೆದರೂ ಅದು ಭಾವನ ಧ್ವನಿಯಲ್ಲೇ ಮಾತಾಡುತ್ತದೆ. ಇದಕ್ಕಾಗಿ ಸರ್ಜನ್ ಒಲ್ಲದ ಮನಸ್ಸಿನಿಂದ ಮೂರು ವಾರ ಕೊಟ್ಟರು. ಅದರ ಮೇಲೆ ಒಂದು ದಿನವೂ ಕಾಯುವುದಿಲ್ಲ ಎಂದರು.

ಭಾವ ಊಟದ ಮೇಜಿನ ಮೇಲೆ ಮನೆಯ ಕಂಪ್ಯೂಟರು, ಮೈಕು ಇಟ್ಟುಕೊಂಡು ಕೂತರು. 'ಹಕ್ಕಿ ಮರದ ಮೇಲೆ ಕೂತಿದೆ' ಎಂಬುದನ್ನೂ ಆ ಹಕ್ಕಿ ಲೈಸೆನ್ಸ್ ಪರೀಕ್ಷೆಯಲ್ಲಿ ಫೇಲಾದ ಹಾಗೆ ಗದರಿಸಿ ಓದುತ್ತಿದ್ದರು. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ನಕ್ಕರೆ ಅದೂ ರೆಕಾರ್ಡ್ ಆಗುತ್ತದಲ್ಲ!

ಮನೆ ಇರುವುದು ಬಸ್ಸು ಓಡಾಡುವ ರಸ್ತೆಯಲ್ಲಿ. ರೆಕಾರ್ಡಿಂಗಿನ ಹಿಂದೆಲ್ಲ ಗುಂಯ್ ಎನ್ನುವ ಸದ್ದು. ಅದನ್ನು ಸೋಸುವ ಒಂದು ಪುಕ್ಕಟೆ ಪ್ರೋಗ್ರಾಂ ಎಲ್ಲೋ ಸಿಕ್ಕಿತು, ಇಳಿಸಿಕೊಂಡೆ. ಪರದೆಯ ಮೇಲೆ ತಟ್ಟನೆ ಆಂಟಿವೈರಸ್ಸಿನ ಕೆಂಪು ಪೆಟ್ಟಿಗೆ ಎದ್ದಿತು. ಅಪಾಯಕಾರಿ, ತಡೆದಿದ್ದೇವೆ.

"ಬೇಡ ಅಂತಿದೆಯಲ್ಲೋ ಅದು?" ಎಂದರು ಭಾವ.

"ಅದಕ್ಕೆ ಎಲ್ಲದರ ಮೇಲೂ ಅನುಮಾನ ಭಾವ. ನನಗೆ ಗೊತ್ತಿಲ್ವಾ?"

ದಿನಕ್ಕೆ ಹತ್ತು ಸಲ ಆ ಕೆಂಪು ಪೆಟ್ಟಿಗೆ ನೋಡುವವನಿಗೆ ಅದರ ಭಯ ಹೋಗಿರುತ್ತದೆ. ಆ ಪ್ರೋಗ್ರಾಮನ್ನೂ ಭಾವನ ಧ್ವನಿಯಿದ್ದ ಫೋಲ್ಡರನ್ನೂ 'ಇವನ್ನು ತಪಾಸಣೆ ಮಾಡಬೇಡ' ಎಂಬ ಪಟ್ಟಿಗೆ ನಾನೇ ಸೇರಿಸಿದೆ. ಗಿರಾಕಿ ಯಾರಾದರೂ ಹೀಗೆ ಮಾಡಿದ್ದರೆ ಜನ್ಮ ಜಾಲಾಡಿಬಿಡುತ್ತಿದ್ದೆ. ಇನ್ನೊಂದು ಪ್ರತಿ ಇರಲೆಂದು ಹೊರಗಿನ ಹಾರ್ಡ್ ಡಿಸ್ಕ್ ಒಂದನ್ನು ಸಿಕ್ಕಿಸಿ, "ಕಿತ್ತರೆ ಮತ್ತೆ ಹಾಕೋಕೆ ಮರೀತೀಯ ಅಕ್ಕಾ, ಹೀಗೇ ಇರಲಿ" ಎಂದು ತಾಕೀತು ಬೇರೆ ಮಾಡಿದೆ. ಪ್ರೋಗ್ರಾಂ ಚೆನ್ನಾಗಿಯೇ ಕೆಲಸ ಮಾಡಿತು. ಗುಂಯ್ ಹೋಯಿತು, ಭಾವನ ಧ್ವನಿ ತೊಳೆದಿಟ್ಟ ಹಾಗೆ ಕೇಳಿಸಿತು.

ಎರಡನೆಯ ವಾರ ಅಕ್ಕ ಫೋನ್ ಮಾಡಿದಳು.

"ಯಾರೂ ಮುಟ್ಟಿಲ್ಲ ಕಣೋ, ಒಳಗೆ ಏನೋ ಕೆಲಸ ನಡೀತಾನೇ ಇದೆ. ದೀಪ ಮಿಣುಕ್ತಾನೇ ಇದೆ."

"ಅಪ್‌ಡೇಟ್ ಆಗ್ತಿರುತ್ತೆ ಬಿಡು."

ಎರಡು ದಿನ ಬಿಟ್ಟು ಮತ್ತೆ ಮಾಡಿದಳು. ಈ ಸಲ ದನಿ ತಗ್ಗಿಸಿದ್ದಳು, ಕಂಪ್ಯೂಟರಿಗೆ ಕೇಳಿಸಬಾರದು ಎನ್ನುವ ಹಾಗೆ. "ಪರದೆ ಮೇಲಿನ ಬಾಣ ತಾನಾಗೇ ಓಡಾಡ್ತು. ನಾನು ಪಾತ್ರೆ ಒರೆಸ್ತಾ ಇಲ್ಲೇ ನಿಂತಿದ್ದೆ. ಯಾರೋ ಹುಡುಕೋ ಹಾಗೆ ಒಂದೊಂದೇ ತೆಗೆದು ನೋಡ್ತು."

"ಮೌಸ್ ಕೆಳಗೆ ಧೂಳು ಕೂತಿರುತ್ತೆ. ಒರೆಸು."

"ಒಂದ್ಸಲ ಬಂದು ನೋಡಬಾರದಾ?"

"ಮೂಲೆಯಲ್ಲಿ ಆಂಟಿವೈರಸ್ಸಿನ ಹಸಿರು ಗುರುತು ಇದೆಯಾ?"

"ಇದೆ. ಯಾವ ತೊಂದರೆಯೂ ಇಲ್ಲ ಅಂತಿದೆ."

"ಮತ್ತೆ ಇನ್ನೇನು?"

ಹೋಗಬೇಕಿತ್ತು. ಅಂಗಡಿಯಿಂದ ಅಕ್ಕನ ಮನೆಗೆ ಹದಿನೈದು ನಿಮಿಷದ ದಾರಿ. ಅಲ್ಲಿ ಭಾವನ ಧ್ವನಿ ದಿನಕ್ಕಿಷ್ಟು ಸವೆಯುತ್ತಿತ್ತು. ಕೊನೆಯ ಇನ್ನೂರು ವಾಕ್ಯಗಳನ್ನು ಅವರು ಬಿಸಿನೀರು ಕುಡಿಯುತ್ತ, ಪ್ರತಿ ಸಾಲಿಗೂ ನಿಲ್ಲಿಸುತ್ತ ಓದಿದರಂತೆ. ಆಪರೇಷನ್ನಿನ ಹಿಂದಿನ ದಿನ, ಆಸ್ಪತ್ರೆಗೆ ಸೇರಲು ಹೊರಡುವ ಮೊದಲು, ಸಾವಿರದ ಆರುನೂರನೆಯದನ್ನು ಮುಗಿಸಿ ಪುಸ್ತಕ ಮುಚ್ಚಿದರು.

ಎಲ್ಲವನ್ನೂ ಪೆನ್ ಡ್ರೈವಿಗೆ ಹಾಕಿ ಥೆರಪಿಸ್ಟ್‌ಗೆ ಮುಟ್ಟಿಸುವ ಕೆಲಸ ನನ್ನದು. ಮರುದಿನ ಬೆಳಿಗ್ಗೆ ಎಂಟೂವರೆಗೆ ಅಕ್ಕ ಕೊಟ್ಟಿದ್ದ ಕೀಲಿಯಿಂದ ಬಾಗಿಲು ತೆರೆದೆ. ಮನೆಯಲ್ಲಿ ಯಾರೂ ಇಲ್ಲ. ಊಟದ ಕೋಣೆಯಿಂದ ಕಂಪ್ಯೂಟರಿನ ಫ್ಯಾನು ಒಂದೇ ಸಮನೆ ತಿರುಗುವುದು ಮಾತ್ರ ಕೇಳಿಸುತ್ತಿತ್ತು.

ಫೋಲ್ಡರ್ ತೆರೆದೆ. ಸಾವಿರದ ಆರುನೂರು ಫೈಲುಗಳೂ ಇದ್ದವು. ಎಲ್ಲದರ ಗುರುತೂ ಬಿಳಿ ಹಾಳೆ, ಎಲ್ಲದರ ಹೆಸರಿನ ಕೊನೆಗೂ ಅರ್ಥವಿಲ್ಲದ ಏಳು ಅಕ್ಷರ. ಒಂದನ್ನು ಒತ್ತಿದೆ, ತೆರೆಯಲಿಲ್ಲ. ಇನ್ನೊಂದು, ಮತ್ತೊಂದು. ಹೊರಗಿನ ಡಿಸ್ಕ್ ತೆರೆದೆ. ಸಿಕ್ಕಿಸೇ ಇಟ್ಟಿದ್ದೆವಲ್ಲ, ಅದನ್ನೂ ಬಿಟ್ಟಿರಲಿಲ್ಲ. ಚೀಟಿಯಂಥ ಒಂದು ಫೈಲು ಮಾತ್ರ ಓದಲು ಬರುವಂತಿತ್ತು. ನಿಮ್ಮ ಫೈಲುಗಳಿಗೆ ಬೀಗ ಹಾಕಿದ್ದೇವೆ, ಹಣ ಕಳಿಸಿ. ನಾನು ನೋಡುತ್ತಿದ್ದ ಹಾಗೇ ಪಕ್ಕದ ಫೋಲ್ಡರಿನ ಮದುವೆ ಫೋಟೋಗಳು ಒಂದೊಂದೇ ಬಿಳಿಯಾಗತೊಡಗಿದವು. ಗೋಡೆಯಿಂದ ವೈರು ಕಿತ್ತೆ.

ಎಂಟೂ ಮುಕ್ಕಾಲು. ಆಪರೇಷನ್ ಒಂಬತ್ತಕ್ಕೆ. ಅಕ್ಕನಿಗೆ ಫೋನ್ ಮಾಡಿದೆ.

"ಕರ್ಕೊಂಡು ಹೋಗ್ತಿದ್ದಾರೆ ಕಣೋ, ಬಾಗಿಲ ಹತ್ರ ಇದೀವಿ. ಪೆನ್ ಡ್ರೈವಿಗೆ ಹಾಕಿದ್ಯಾ? ನಿಮ್ಮ ಭಾವ ಕೇಳ್ತಿದ್ದಾರೆ ನೋಡು."

ಹಾಕಿದೆ ಅಂದುಬಿಟ್ಟರೆ ಮುಗಿಯಿತು. ಅವರು ನೆಮ್ಮದಿಯಿಂದ ಒಳಗೆ ಹೋಗುತ್ತಾರೆ. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಧ್ವನಿ ಇನ್ನೂ ಬದುಕಿದ್ದ ಕೊನೆಯ ಕೆಲವು ನಿಮಿಷಗಳು ಅವು.

"ಭಾವನಿಗೆ ಕೊಡಕ್ಕಾ" ಎಂದು ನನ್ನ ಫೋನಿನಲ್ಲಿ ಕರೆ ರೆಕಾರ್ಡ್ ಮಾಡುವ ಗುಂಡಿ ಒತ್ತಿದೆ.

"ಏನೋ?" ಒರಟಾಗಿತ್ತು, ಆದರೂ ಅವರದೇ ಧ್ವನಿ.

"ಭಾವ, ಮಾತಾಡಿ. ಏನಾದರೂ ಸರಿ, ಮಾತಾಡ್ತಾನೇ ಇರಿ. ರೆಕಾರ್ಡ್ ಆಗ್ತಿದೆ."

ಅವರು ದಡ್ಡರಲ್ಲ. "ಎಷ್ಟು ಹೋಯ್ತು?"

"ಎಲ್ಲಾ."

ಆಮೇಲೆ ಇಪ್ಪತ್ತೆರಡು ಸೆಕೆಂಡು ರೆಕಾರ್ಡ್ ಆಗಿದ್ದು ಬರೀ ಗಾಲಿಗಳ ಸದ್ದು, ಯಾರೋ ದೂರದಲ್ಲಿ ಕೆಮ್ಮಿದ್ದು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು, ಅಷ್ಟು ಮಾತಾದರೂ ಸಿಗುತ್ತಿತ್ತು.

"ಏನೇ" ಎಂದರು ಭಾವ.

"ಇಲ್ಲೇ ಇದೀನಲ್ಲಾ" ಎಂದಳು ಅಕ್ಕ ಪಕ್ಕದಿಂದ.

"ನೀನು ಸುಮ್ನಿರು ಒಂದು ನಿಮಿಷ." ಮತ್ತೆ ಕರೆದರು. "ಏನೇ." ಕನ್ನಡಕ ಸಿಗದಾಗಿನದು. "ಏನೇ!" ಸಿಟ್ಟಿನದು. "ಏನೇ, ಬಂದೆ ಕಣೇ." ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಕರೆಯುವುದು. "ಏನೇ, ಮಲಗಿದ್ಯಾ?" ಮೆತ್ತಗಿನದು. ಅಲ್ಲಿ ಧ್ವನಿ ಒಡೆಯಿತು. ಕೆಮ್ಮಿ, ಅದನ್ನೇ ಇನ್ನೊಂದು ಸಲ ಹೇಳಿದರು. ಅಷ್ಟರಲ್ಲಿ ನರ್ಸು, "ಸಾಕು ಸರ್, ಫೋನ್ ಕೊಡಿ" ಎಂದರು.

ಎರಡು ನಿಮಿಷ ಆರು ಸೆಕೆಂಡು.

ಅದರಿಂದ ಧ್ವನಿ ತಯಾರಿಸಲು ಆಗುವುದಿಲ್ಲ ಎಂದರು ಥೆರಪಿಸ್ಟ್. ಆ ಬೀಗ ತೆಗೆಯುವುದು ನನ್ನ ಕೈಲೂ ಆಗಲಿಲ್ಲ, ನನಗೆ ಗೊತ್ತಿದ್ದ ಯಾರ ಕೈಲೂ ಆಗಲಿಲ್ಲ. ಈಗ ಭಾವ ಟ್ಯಾಬ್‌ನಲ್ಲಿ ಬರೆದರೆ ಯಾರೋ ಗುರುತಿಲ್ಲದ ಗಂಡಸು ವಾರ್ತೆ ಓದುವ ಹಾಗೆ ಮಾತಾಡುತ್ತಾನೆ. ಆ ಧ್ವನಿ ಒಳಗಿನ ಕೋಣೆಯಿಂದ ಕರೆದಾಗ ಅಕ್ಕ ಮೊದಲು ಬೆಚ್ಚುತ್ತಾಳೆ, ಆಮೇಲೆ ಎದ್ದು ಹೋಗುತ್ತಾಳೆ.

ಆಪರೇಷನ್ ನಡೆಯುತ್ತಿದ್ದಾಗಲೇ ಆಸ್ಪತ್ರೆಗೆ ಹೋಗಿ, ನಾನೇ ಆ ವೈರಸ್ಸನ್ನು ಒಳಗೆ ಬಿಟ್ಟುಕೊಂಡೆ ಎಂದು ಅವಳಿಗೆ ಹೇಳಿದ್ದೆ. ಅವಳು ಕೈ ಚಾಚಿ ನನ್ನ ಫೋನು ಇಸಿದುಕೊಂಡಳು. ಅದು ಈಗಲೂ ಅವಳ ಹತ್ತಿರವೇ ಇದೆ. ಬ್ಯಾಟರಿ ಆಗಲೇ ಉಬ್ಬಿಕೊಂಡಿದೆ, ಯಾವ ದಿನ ಬೇಕಾದರೂ ಸಾಯಬಹುದು. ಹೋದ ವಾರ ಕೇಳಿದೆ.

"ಐದೇ ನಿಮಿಷ ಕೊಡಕ್ಕಾ. ಇನ್ನೊಂದು ಪ್ರತಿ ಮಾಡಿ ವಾಪಸ್ ಕೊಡ್ತೀನಿ."

ಅವಳು ಅದನ್ನು ಎದೆಗೆ ಅವುಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು.

"ಬೇಡ. ನೀನು ಮುಟ್ಟಬೇಡ."