ಹಂಸ ಈಗ ಯಾವ ಮನೆಯಲ್ಲಿದ್ದಾಳೆ

ಹಾಸನದ ಆಸ್ಪತ್ರೆಯ ಹಿಂಬದಿಯ ನಲ್ಲಿಯಲ್ಲಿ ಹಂಸ ಅಣ್ಣನ ಪಂಚೆ ಒಗೆದಳು. ಒಂದು ತುದಿಯನ್ನು ಅಮ್ಮ ರಂಗನಾಯಕಮ್ಮ ಹಿಡಿದರು, ಇನ್ನೊಂದನ್ನು ಇವಳು ಹಿಡಿದು ಹಿಂಡಿದಳು. ಕಥೆಯನ್ನು ಇಲ್ಲಿಂದ ಶುರು ಮಾಡಬಹುದೇ, ಹೇಳಿ? ನನಗೇ ಗೊತ್ತಿಲ್ಲ.

೧

‘ನುಗ್ಗೇಹಳ್ಳಿ ದಾಟಿ ತಿರುವಿನಲ್ಲಿ, ತೆಂಗಿನಕಾಯಿ ತುಂಬಿದ ಟೆಂಪೋ...’

(ಹರಿದು ಹಾಕಿದೆ. ಟೆಂಪೋವನ್ನು ಎಷ್ಟು ಚೆಂದ ಬರೆದರೂ ಕಾಲು ಕೂಡುವುದಿಲ್ಲ.)

ಬಿದ್ದವನು ಹಂಸಳ ಅಣ್ಣ ಮುರಳೀಕೃಷ್ಣ. ಪುರೋಹಿತ. ಗೃಹಪ್ರವೇಶ ಮಾಡಿಸಿ ಸ್ಕೂಟರಿನಲ್ಲಿ ಬರುತ್ತಿದ್ದ. ಬಲಗಾಲಿನ ಮೂಳೆ ಎರಡು ಕಡೆ ಮುರಿದಿದೆ. ಒಳಗೆ ರಾಡ್ ಹಾಕದಿದ್ದರೆ ಮತ್ತೆ ಚಕ್ಕಳಮಕ್ಕಳ ಹಾಕಿ ಕೂರುವುದು ಕಷ್ಟ ಎಂದಿದ್ದಾರೆ ಡಾಕ್ಟರು. ಅವನ ಕೆಲಸವೆಲ್ಲ ಕೂತು ಮಾಡುವಂಥದು. ಇನ್ಶೂರೆನ್ಸ್ ಬಂದರೆ ಆಪರೇಷನ್. ಇಲ್ಲವಾದರೆ ಬರೀ ಪ್ಲಾಸ್ಟರ್ ಹಾಕಿಸಿ ಮನೆಗೆ.

೨

ಸ್ಕೂಟರ್ ಇರುವುದು ಹಂಸಳ ಹೆಸರಿನಲ್ಲಿ. ಅವಳಿಗೆ ಓಡಿಸಲು ಬರುವುದಿಲ್ಲ. ಕೊಳ್ಳುವ ದಿನ ಅಪ್ಪ ಪಟ್ಟಾಭಿರಾಮಯ್ಯ ಪಂಚಾಂಗ ಬಿಡಿಸಿ, ಮಗನ ಹೆಸರಿಗೆ ಬಲ ಇಲ್ಲ, ಮಗಳದಕ್ಕೆ ಇದೆ ಎಂದರು. ಆಮೇಲೆ ಮಗಳು ಮದುವೆಯಾಗಿ ಅರಕಲಗೂಡಿಗೆ ಹೋದಳು. ಸ್ಕೂಟರ್ ಹೊಳೆನರಸೀಪುರದ ತವರಿನಲ್ಲೇ ಉಳಿಯಿತು.

ಎಂಟು ತಿಂಗಳ ಹಿಂದೆ ಹಂಸ ಒಂದು ಚೀಲ ಹಿಡಿದು ವಾಪಸು ಬಂದಳು. ಅಮ್ಮನ ಸೊಂಟನೋವಿಗೆ ಬಂದಿದ್ದಾಳೆ ಎಂದು ಅಪ್ಪ ಬೀದಿಗೆಲ್ಲ ಹೇಳಿದರು.

೩

ಇನ್ಶೂರೆನ್ಸ್ ಏಜೆಂಟ್ ಸಿದ್ದೇಶ ಹೊಳೆನರಸೀಪುರದವನೇ. ಫಾರಂ ಹಿಡಿದು ವಾರ್ಡಿಗೆ, ಅಪ್ಪನ ಹತ್ತಿರ ಬಂದ.

“ಸಾಮಿ, ಈ ಪಾಲಿಸೀಲಿ ಗಾಡಿ ಒಡತಿಗೆ, ಆಯಮ್ಮನ ಜೊತೆ ಒಂದೇ ಮನೇಲಿರೋ ರಕ್ತಸಂಬಂಧಿಗೆ ಆಸ್ಪತ್ರೆ ಕರ್ಚು ಬತ್ತದೆ. ಒಡತಿ ಯಾವ ಮನೇಲವ್ರೆ?”

“ಅರಕಲಗೂಡು. ಈಗ ಹಬ್ಬಕ್ಕೆ ಬಂದಿದಾಳೆ ಕಣಪ್ಪ.”

“ಎಂಟು ತಿಂಗ್ಳು ನಡೆಯೋದು ಯಾವ್ ಹಬ್ಬ ಸಾಮಿ?”

ಪಟ್ಟಾಭಿರಾಮಯ್ಯ ಕನ್ನಡಕ ತೆಗೆದು ಒರೆಸಿದರು.

“ಅಂಗಲ್ಲ, ಆಧಾರಲ್ಲಿ ಅರಕಲಗೂಡೇ ಅದೆ. ಅದುಕ್ಕೆ ಮನೆ ಯಜಮಾನ್ರು ಬರ್ಕೊಡಬೇಕು, ಮಗ್ಳು ಗಂಡನ್ ಮನೆ ಬುಟ್ಟು ಕಾಯಂ ಇಲ್ಲೇ ಅವಳೆ ಅಂತ. ಕಂಪನಿಯೋರು ಬೀದೀಲಿ ಇಚಾರಿಸ್ತಾರೆ.”

“ಬೀದೀಲಾ?”

“ಇನ್ನೆಲ್ಲಿ ಇಚಾರಿಸ್ತಾರೆ ಸಾಮಿ?”

ಹಾಸಿಗೆಯಿಂದ ಮುರಳಿ ಕೂಗಿದ: “ಕಾಲಿಗೆ ಬಲ ಇದ್ಯಾ ಅಂತ ಅದೇ ಪಂಚಾಂಗದಲ್ಲಿ ನೋಡ್ಬಿಡಿ ಅಪ್ಪ!”

ಯಾರೂ ನಗಲಿಲ್ಲ. ಅವನೂ ನಗಲಿಲ್ಲ.

೪

(ಹಂಸ ಗಂಡನ ಮನೆ ಬಿಟ್ಟ ಕಾರಣ ಇಲ್ಲಿತ್ತು. ಒಂದು ಪುಟ. ಅವಳೇ ತೆಗೆಸಿದಳು.)

“ಅದನ್ನ ಯಾಕೆ ಬರೀತೀರಿ?”

“ಓದುವವರು ಕೇಳ್ತಾರಮ್ಮ.”

“ಫಾರಮ್ಮಲ್ಲೇ ಕೇಳಿಲ್ಲ. ನಾನೆಲ್ಲಿದೀನಿ ಅಂತ ಮಾತ್ರ ಕೇಳಿರೋದು. ಅಷ್ಟು ಬರೀರಿ ಸಾಕು.”

ಹೊಡೆದು ಹಾಕಿದೆ. ನನ್ನ ಕಥೆಯಲ್ಲಿ ಒಳ್ಳೆಯ ಪುಟ ಅದೊಂದೇ ಆಗಿತ್ತು.

೫

ಮುಕ್ತಾಯ ಒಂದು: ಅಪ್ಪ ಬರೆದುಕೊಡುತ್ತಾರೆ. ಆಪರೇಷನ್ ಆಗುತ್ತದೆ. ಬೀದಿ ನಾಲ್ಕು ದಿನ ಮಾತಾಡಿ ಸುಮ್ಮನಾಗುತ್ತದೆ. (ನಮ್ಮ ಬೀದಿಗಳು ಅಷ್ಟು ಒಳ್ಳೆಯವಲ್ಲ.)

ಮುಕ್ತಾಯ ಎರಡು: ಅಪ್ಪ ಬರೆಯುವುದಿಲ್ಲ. ಮುರಳಿ ಕುರ್ಚಿ ಹಾಕಿಕೊಂಡು ಮಂತ್ರ ಹೇಳುವುದನ್ನು ಕಲಿಯುತ್ತಾನೆ. ಕರೆಯುವವರು ಕಮ್ಮಿಯಾಗುತ್ತಾರೆ.

ಮುಕ್ತಾಯ ಮೂರು: ಅರಕಲಗೂಡಿನಿಂದ ಗಂಡ ಬಂದು...

“ಬೇಡ,” ಎಂದಳು ಹಂಸ. ಹೊಡೆದು ಹಾಕಿದೆ.

೬

ಸಂಜೆ ಐದಕ್ಕೆ ಸಿದ್ದೇಶನ ಬಸ್ಸು. ಅಷ್ಟರೊಳಗೆ ಕಾಗದ ಬೇಕು. ಅಪ್ಪನ ತೊಡೆಯ ಮೇಲೆ ಬಿಳಿ ಹಾಳೆ. ‘ಮಾನ್ಯರೇ’ ಎಂದು ಬರೆದು ನಿಲ್ಲಿಸಿದ್ದಾರೆ. ಪೆನ್ನಿನ ಮುಚ್ಚಳ ಹಾಕುತ್ತಾರೆ, ತೆಗೆಯುತ್ತಾರೆ. ಹಂಸ ಅದನ್ನು ನೋಡಿದಳು. ಎಂಟು ತಿಂಗಳಲ್ಲಿ ಒಬ್ಬರಾದರೂ ‘ನೀನು ಇಲ್ಲೇ ಇರು’ ಎಂದಿರಲಿಲ್ಲ, ‘ಹೋಗು’ ಎಂದೂ ಅಂದಿರಲಿಲ್ಲ. ಅಡುಗೆಮನೆಯಲ್ಲಿ ಅವಳ ತಟ್ಟೆಯನ್ನು ದಿನಾ ತೊಳೆದು, ನೆಂಟರಿಗೆಂದು ಎತ್ತಿಟ್ಟ ತಟ್ಟೆಗಳ ಜೊತೆಯಲ್ಲೇ ಇಡುತ್ತಿದ್ದರು.

ಇಲ್ಲಿಂದ ಮುಂದೆ ನನ್ನ ಕೈಯಲ್ಲಿಲ್ಲ. ಪೆನ್ನು ಅವರ ಹತ್ತಿರ ಇದೆ.

ಹಂಸ ಎದ್ದು ಹೋಗಿ ಅಪ್ಪನ ಎದುರು ನೆಲದ ಮೇಲೆ ಕೂತಳು. ಅಮ್ಮ ಕಿಟಕಿಯ ಕಡೆ ತಿರುಗಿದರು. ಮುರಳಿ ಕಣ್ಣು ಮುಚ್ಚಿದ.

“ಅಪ್ಪ, ನಾನು ನಿಮ್ಮ ಮನೇಲೇ ಇದೀನಿ ಅಂತ ಬರೀರಿ.”